ಎರಡು ಆಂಟಿವೈರಸ್ ಹಾಕಿದರೆ ಎರಡು ಪಟ್ಟು ಭದ್ರವಾ?

ಪ್ರಶ್ನೆ: ಲ್ಯಾಪ್‌ಟಾಪಿನಲ್ಲಿ ಒಂದು ಫ್ರೀ ಆಂಟಿವೈರಸ್ ಇತ್ತು. ಇನ್ನೂ ಭದ್ರವಾಗಿರಲಿ ಎಂದು ದುಡ್ಡು ಕೊಟ್ಟು ಮತ್ತೊಂದು ಹಾಕಿಸಿದೆ. ಈಗ ಒಂದು ಇನ್ನೊಂದರ ಫೈಲನ್ನೇ ವೈರಸ್ ಎನ್ನುತ್ತಿದೆ. ಯಾವುದನ್ನು ನಂಬುವುದು?

ಉತ್ತರ: ಒಂದನ್ನು ತೆಗೆಯಿರಿ. ಯಾವುದನ್ನು ಎಂಬುದು ಆಮೇಲಿನ ಮಾತು.

ಇದನ್ನು ಉಡುಪಿಯ ನಮ್ಮ ಅಂಗಡಿಯ ಕೌಂಟರಿನಲ್ಲಿ ಹೇಳಿದ್ದೇನೆ, ಫೋನಿನಲ್ಲಿ ಹೇಳಿದ್ದೇನೆ, ಮದುವೆ ಊಟದ ಪಂಕ್ತಿಯಲ್ಲಿ ಕೂತೂ ಹೇಳಿದ್ದೇನೆ. ಪ್ರತಿ ಸಲವೂ ಬರುವ ಮರುಪ್ರಶ್ನೆ ಒಂದೇ: "ಒಂದು ಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತದಲ್ವಾ ಸರ್?" ಮನೆ ಕಾಯಲು ಎರಡು ನಾಯಿ ಸಾಕಿದ ಹಾಗೆ ಎಂದು ಅವರ ಲೆಕ್ಕ. ಈ ಲೆಕ್ಕವೇ ತಪ್ಪು ಮಾರಾಯ್ರೇ.

ಆಂಟಿವೈರಸ್ ಗೇಟಿನ ಹತ್ತಿರ ಮಲಗಿರುವುದಿಲ್ಲ. ವಿಂಡೋಸಿನ ಒಳಗೆ, ಫೈಲ್ ತೆರೆಯುವ ದಾರಿಯಲ್ಲೇ ಕೂತಿರುತ್ತದೆ. ನೀವು ಕ್ಲಿಕ್ ಮಾಡಿದ ಕೂಡಲೇ ಫೈಲನ್ನು ತಡೆದು, ಓದಿ ನೋಡಿ, ಆಮೇಲೆ ಬಿಡುತ್ತದೆ. ರಿಯಲ್ ಟೈಮ್ ಪ್ರೊಟೆಕ್ಷನ್ ಎಂದರೆ ಇದೇ. ಅದೇ ದಾರಿಯಲ್ಲಿ ಎರಡು ಕೂತರೆ ಒಂದು ಓದಿದ್ದನ್ನೇ ಇನ್ನೊಂದು ಮತ್ತೆ ಓದುತ್ತದೆ. ಜಿಪ್ ಫೈಲ್ ಬಂತೆನ್ನಿ. ಪರೀಕ್ಷೆ ಮಾಡಲು ಮೊದಲನೆಯದು ಅದನ್ನು ಬಿಚ್ಚಿ ತಾತ್ಕಾಲಿಕ ಪ್ರತಿ ಮಾಡುತ್ತದೆ. ಹೊಸ ಫೈಲ್ ಬಂತು ಎಂದು ಎರಡನೆಯದು ಆ ಪ್ರತಿಯ ಮೇಲೆ ಬೀಳುತ್ತದೆ. ಒಂದು ಹಿಡಿದುಕೊಂಡ ಫೈಲನ್ನು ಇನ್ನೊಂದು ಅಳಿಸಲು ಹೋಗುತ್ತದೆ, ಆಗುವುದಿಲ್ಲ, ಎರರ್ ಕೊಡುತ್ತದೆ.

ಯಕ್ಷಗಾನದ ಜೋಡಾಟ ನೋಡಿದವರಿಗೆ ಗೊತ್ತು, ಎರಡು ಮೇಳಕ್ಕೆ ಎರಡು ರಂಗಸ್ಥಳ ಹಾಕುತ್ತಾರೆ. ಕಂಪ್ಯೂಟರಿನಲ್ಲಿ ಇರುವುದು ಒಂದೇ ರಂಗಸ್ಥಳ.

ಒಂದು ಇನ್ನೊಂದನ್ನು ವೈರಸ್ ಎನ್ನುವುದು ಯಾಕೆ? ಆಂಟಿವೈರಸ್‌ನ ನಡವಳಿಕೆಯೇ ಹಾಗೆ. ಎಲ್ಲ ಪ್ರೋಗ್ರಾಮುಗಳ ಮೇಲೆ ಕಣ್ಣಿಡುತ್ತದೆ, ವಿಂಡೋಸಿನ ಆಳಕ್ಕೆ ಇಳಿಯುತ್ತದೆ, ನಿಲ್ಲಿಸಲು ಹೋದರೆ ಬಗ್ಗುವುದಿಲ್ಲ. ವೈರಸ್ಸಿನ ಗುರುತುಗಳ ದೊಡ್ಡ ಪಟ್ಟಿಯೂ ಅದರ ಬಳಿ ಇರುತ್ತದೆ. ಹೊರಗಿನಿಂದ ನೋಡಿದ ಇನ್ನೊಂದಕ್ಕೆ ಅನುಮಾನ ಬಂದರೆ ಆಶ್ಚರ್ಯ ಇಲ್ಲ. ನಿಮಗೆ ಕಂಡದ್ದು ಹೆಚ್ಚಾಗಿ ಇಂಥ ಸುಳ್ಳು ಎಚ್ಚರಿಕೆ.

ಕಲ್ಸಂಕದ ಕಡೆಯ ಒಂದು ಪ್ರೆಸ್ಸಿನಿಂದ ಮದುವೆ ಸೀಸನ್ನಿನಲ್ಲಿ ಒಂದು ಕಂಪ್ಯೂಟರ್ ಬಂದಿತ್ತು. 4 ಜಿಬಿ ರ‍್ಯಾಮ್, ಹಳೆಯ ಹಾರ್ಡ್ ಡಿಸ್ಕ್. "ಲಗ್ನಪತ್ರಿಕೆ ಫೈಲ್ ತೆರೆಯುವುದರೊಳಗೆ ಚಾ ಕುಡಿದು ಬರಬಹುದು" ಎಂದರು. ಯಾವ ಪ್ರೋಗ್ರಾಮ್ ಎಷ್ಟು ಭಾರ ಹಾಕುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದೆ. ಡಿಸ್ಕ್ 100 ಪರ್ಸೆಂಟ್, ಕೆಂಪಾಗಿ, ಕದಲದೆ ನಿಂತಿತ್ತು. ಮೇಲಿನ ಎರಡು ಸಾಲಿನಲ್ಲಿ ಎರಡು ಬೇರೆ ಬೇರೆ ಆಂಟಿವೈರಸ್. ಅವರ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಕೂಡ ಕ್ವಾರಂಟೈನ್, ಅಂದರೆ ಅನುಮಾನದ ಫೈಲುಗಳನ್ನು ಕೂಡಿಹಾಕುವ ಜಾಗ, ಸೇರಿತ್ತು. ಯಾವ ಕೀ ಒತ್ತಿದಿರಿ ಎಂದು ಗಮನಿಸಿದರೆ ತಾನೇ ಅದು ಅಕ್ಷರ ಮೂಡಿಸುವುದು? ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮೂ ಕೀಗಳನ್ನೇ ಗಮನಿಸುತ್ತದೆ. ಒಂದು ಆಂಟಿವೈರಸ್ ತೆಗೆದೆ, ಟೈಪಿಂಗ್ ಸಾಫ್ಟ್‌ವೇರನ್ನು ಅದರ ಅಧಿಕೃತ ಜಾಗದಿಂದ ಮತ್ತೆ ಹಾಕಿದೆ. ಅದೇ ಕಂಪ್ಯೂಟರ್ ಆ ಸೀಸನ್ ಪೂರ್ತಿ ಕೆಲಸ ಮಾಡಿತು.

ಸುಳ್ಳು ಎಚ್ಚರಿಕೆಯನ್ನು ಸಣ್ಣದು ಎಂದುಕೊಳ್ಳಬೇಡಿ. 2010ರ ಏಪ್ರಿಲ್ 21ರಂದು ಮೆಕಾಫಿಯ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಗೆ ಬೇಕೇ ಬೇಕಾದ 'ಎಸ್‌ವಿಸಿಹೋಸ್ಟ್' ಫೈಲನ್ನೇ ವೈರಸ್ ಎಂದು ಹಿಡಿಯಿತು. ಎಷ್ಟೋ ದೇಶಗಳಲ್ಲಿ ಕಂಪ್ಯೂಟರುಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆದವು. ಒಂದೇ ಆಂಟಿವೈರಸ್ಸಿನಿಂದ ಇಷ್ಟಾಯಿತು. ಎರಡಿದ್ದರೆ ಇಂಥ ತಪ್ಪಿಗೆ ದಾರಿಯೂ ಎರಡು.

"ಹಾಗಾದರೆ ವಿಂಡೋಸಿನ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್ ಇದೆಯಲ್ಲ, ಅದೂ ಸೇರಿ ಎರಡಾಯಿತಲ್ಲ?" ಇಲ್ಲ. ವಿಂಡೋಸ್ 10 ಮತ್ತು 11ರಲ್ಲಿ ನೀವು ಬೇರೆ ಆಂಟಿವೈರಸ್ ಹಾಕಿದರೆ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ಹೊರಗಿನಿಂದ ತಂದ ಎರಡು ಮಾತ್ರ ಒಂದಕ್ಕೊಂದು ಜಾಗ ಬಿಡುವುದಿಲ್ಲ. ಮನೆ ಬಳಕೆಗೆ ಡಿಫೆಂಡರ್ ಸಾಕು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ದುಡ್ಡು ಕೊಟ್ಟದ್ದು ಬೇಕೆಂದರೆ ಅದನ್ನೇ ಇಟ್ಟುಕೊಳ್ಳಿ, ಫ್ರೀಯದ್ದನ್ನು ತೆಗೆಯಿರಿ. ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ. ಕೆಲವೊಮ್ಮೆ ವಿಂಡೋಸಿನ ಆಳದಲ್ಲಿ ಕೂತ ಅದರ ಭಾಗಗಳು (ಡ್ರೈವರುಗಳು) ಒಳಗೇ ಉಳಿಯುತ್ತವೆ. ಅದಕ್ಕೆ ಆಯಾ ಕಂಪನಿಯೇ ಕೊಡುವ ರಿಮೂವಲ್ ಟೂಲ್ ಇರುತ್ತದೆ, ಅದನ್ನೂ ಓಡಿಸಿ.

ಎರಡನೇ ಅಭಿಪ್ರಾಯ ಬೇಕು ಎನ್ನುವ ಆಸೆ ತಪ್ಪಲ್ಲ. ಅದಕ್ಕೆ ಬೇರೆ ದಾರಿ ಉಂಟು. ಅನುಮಾನದ ಫೈಲನ್ನು ವೈರಸ್‌ಟೋಟಲ್ ಎಂಬ ವೆಬ್‌ಸೈಟಿಗೆ ಹಾಕಿ. ಅಲ್ಲಿ ಬೇರೆ ಬೇರೆ ಕಂಪನಿಗಳ 70ಕ್ಕೂ ಜಾಸ್ತಿ ಆಂಟಿವೈರಸ್ ಎಂಜಿನ್‌ಗಳು ನೋಡುತ್ತವೆ. ಒಂದೆರಡು ಮಾತ್ರ ಕೆಂಪು ತೋರಿಸಿದರೆ ಸುಳ್ಳು ಎಚ್ಚರಿಕೆ ಇರಬಹುದು. ಫೈಲ್ ತೀರಾ ಹೊಸದಾದರೆ ಎರಡು ದಿನ ಬಿಟ್ಟು ಮತ್ತೆ ನೋಡಿ. ನಲವತ್ತು ಎಂಜಿನ್ ಕೆಂಪಾದರೆ ಅಳಿಸಿ. ಆದರೆ ಆಧಾರ್, ಬ್ಯಾಂಕ್ ಲೆಕ್ಕದಂಥ ಫೈಲ್ ಅಲ್ಲಿ ಹಾಕಲೇಬೇಡಿ. ಹಾಕಿದ್ದು ಬೇರೆ ಸೆಕ್ಯುರಿಟಿ ಕಂಪನಿಗಳಿಗೂ ಸಿಗುತ್ತದೆ.

ಇಲ್ಲಿಗೆ ಬಂದ ಮೇಲೆ ಪೆನ್‌ಡ್ರೈವಿನ ಮಾತನ್ನೂ ಹೇಳಿಬಿಡುತ್ತೇನೆ, ನೀವು ಕೇಳದಿದ್ದರೂ. ಮಣಿಪಾಲದ ಮಕ್ಕಳು ಝೆರಾಕ್ಸ್ ಅಂಗಡಿಯಿಂದ ಬಂದು "ಪ್ರಾಜೆಕ್ಟ್ ಪೂರ್ತಿ ಹೋಯ್ತು, ಎಲ್ಲ ಶಾರ್ಟ್‌ಕಟ್ ಆಗಿದೆ" ಎಂದು ಅಳುಮುಖ ಮಾಡುತ್ತಾರೆ. ಹೆಚ್ಚಾಗಿ ಏನೂ ಹೋಗಿರುವುದಿಲ್ಲ. ವೈರಸ್ ನಿಮ್ಮ ಫೋಲ್ಡರನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಎದುರಿಗಿಟ್ಟಿದೆ ಅಷ್ಟೇ. ಅದನ್ನು ಒತ್ತಿದರೆ ವೈರಸ್ ಓಡುತ್ತದೆ, ಹಾಗಾಗಿ ಮುಟ್ಟಬೇಡಿ. ಮೊದಲು ಪೆನ್‌ಡ್ರೈವ್ ಸ್ಕ್ಯಾನ್ ಮಾಡಿ. ಆಮೇಲೆ ಫೋಲ್ಡರ್ ಆಪ್ಷನ್ಸಿನಲ್ಲಿ ಹಿಡನ್ ಫೈಲ್ ತೋರಿಸಲು ಟಿಕ್ ಹಾಕಿ, ಸಿಸ್ಟಮ್ ಫೈಲ್ ಅಡಗಿಸುವ ಟಿಕ್ ತೆಗೆಯಿರಿ. ಮಸುಕು ಬಣ್ಣದಲ್ಲಿ ನಿಮ್ಮ ಫೋಲ್ಡರ್ ಕಾಣುತ್ತದೆ. ಒಳಗಿನ ಫೈಲುಗಳನ್ನು ಕಾಪಿ ಮಾಡಿಕೊಂಡು ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ. ಮುಂದಿನ ಸಲ ಪ್ರಿಂಟಿಗೆ ಹೋಗುವಾಗ ಬೇಕಾದ ಪಿಡಿಎಫ್ ಒಂದನ್ನೇ ಹಾಕಿಕೊಂಡು ಹೋಗಿ.