ಸಬ್‌ವೂಫರ್‌ಗೆ ವೈರ್ ರಿಮೋಟ್ ಯಾಕ್ರಿ?

ಹುಬ್ಬಳ್ಳಿ-ಧಾರವಾಡದಲ್ಲಿ ಮನೆಯ ಒಂದು ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡವರು ಈಗ ಬಹಳ ಜನ. ಐದು ಇಂಚಿನ ಮಾನಿಟರ್ (ಸ್ಟುಡಿಯೋ ಸ್ಪೀಕರ್) ಜೋಡಿ, ಟೇಬಲ್ ಕೆಳಗೆ ಒಂದು ಸಬ್, ಅಂದರೆ ಬೇಸ್ ಮಾತ್ರ ನುಡಿಸುವ ಸಬ್‌ವೂಫರ್. ಸೆಟ್ ಮಾಡಿಕೊಡಲು ಹೋದರೆ ಪ್ರಶ್ನೆ ಬಂದೇ ಬರುತ್ತದೆ: "ಸರ್, ಇದಕ್ಕ ವೈರ್ ರಿಮೋಟ್ ಯಾಕ್ರಿ? ವೈರ್‌ಲೆಸ್ ಇದ್ರ ಚಲೋ ಆಗ್ತಿತ್ತಲ್ರಿ?"

ನನಗೆ ವೈರೇ ಇಷ್ಟ. ಟಿವಿಗೆ ಇರುವಂಥ ಇನ್‌ಫ್ರಾರೆಡ್ ರಿಮೋಟ್ ಕೆಲಸ ಮಾಡಬೇಕಾದರೆ ಸಬ್ ಕಣ್ಣೆದುರು ಇರಬೇಕು. ನಮ್ಮಲ್ಲಿ ಅದು ಟೇಬಲ್ ಕೆಳಗೆ, ಕೆಲವರ ಮನೆಯಲ್ಲಿ ಪರದೆ ಹಿಂದೆ. ವೈರ್ ಆದರೆ ಸೆಲ್ ಬೇಡ, ಹುಡುಕಾಟ ಬೇಡ, ಕೀಬೋರ್ಡ್ ಪಕ್ಕದಲ್ಲೇ ಬಿದ್ದಿರುತ್ತದೆ. ಕೂತಲ್ಲಿಂದಲೇ ಬದಲಾಯಿಸಿ ಕೂತಲ್ಲೇ ಕೇಳಬಹುದು. ಸಬ್ ಹತ್ತಿರ ಬಗ್ಗಿ ನಾಬ್ ತಿರುಗಿಸಿದರೆ ಅಲ್ಲಿ ಕೇಳುವ ಬೇಸೇ ಬೇರೆ, ಕುರ್ಚಿಯಲ್ಲಿ ಕೇಳುವುದೇ ಬೇರೆ.

ರಿಮೋಟ್‌ನಲ್ಲಿ ಸಾಮಾನ್ಯವಾಗಿ ಇರುವುದು ಸಬ್‌ನ ಸದ್ದು ಏರಿಸಿ ಇಳಿಸುವ ಲೆವೆಲ್ ನಾಬ್ ಇಲ್ಲವೇ ಸಬ್ಬನ್ನು ದಾರಿಯಿಂದ ತೆಗೆಯುವ ಬೈಪಾಸ್ ಬಟನ್, ಕೆಲವದರಲ್ಲಿ ಎರಡೂ. ಬೈಪಾಸ್ ಎಷ್ಟು ಸಲ ಬೇಕಾದರೂ ಒತ್ತಿ. ಲೆವೆಲ್ ಮಾತ್ರ ಒಮ್ಮೆ ಹೊಂದಿಸಿದ ಮೇಲೆ ಮುಟ್ಟಬೇಡಿ. ಆ ಜಾಗಕ್ಕೆ ಮಾರ್ಕರ್‌ನಿಂದ ಒಂದು ಗೆರೆ ಎಳೆದುಬಿಡಿ.

ಯಾಕೆ ಅಂದರೆ, ಆ ನಾಬ್‌ನಿಂದ ಕೋಣೆಯನ್ನು ಸರಿ ಮಾಡಲು ಹೊರಡುವವರೇ ಜಾಸ್ತಿ. ಹನ್ನೆರಡು ಅಡಿ ಉದ್ದದ ಕೋಣೆ ಅಂದುಕೊಳ್ಳಿ. ಎದುರು-ಬದುರು ಗೋಡೆಗಳ ನಡುವೆ ಸುಮಾರು 47 ಹರ್ಟ್ಸ್ ಶಬ್ದ ನಿಂತು ಗುಂಯ್‌ಗುಡುತ್ತದೆ. ಹತ್ತು ಅಡಿ ಅಗಲಕ್ಕೆ ಅದು 56ರ ಹತ್ತಿರ. ಗುಂಯ್ ಅಂತು ಅಂತ ಸಬ್ ಇಳಿಸುತ್ತೀರಿ. ಆಗ 65, 70ರಲ್ಲಿ ಇರುವ ಡಗ್ಗಾದ ತೂಕವೂ ಜೊತೆಗೇ ಇಳಿಯುತ್ತದೆ. ಅದು ಸಾಲಲಿಲ್ಲ ಅಂತ ಮಿಕ್ಸ್‌ನಲ್ಲಿ ಡಗ್ಗಾ ಏರಿಸುತ್ತೀರಿ. ಆ ಹಾಡು ಕಾರಿನಲ್ಲಿ ಹಾಕಿದಾಗ ತಬಲಾ ಹೋಗಿ ಜಗ್ಗಲಗಿ ಆಗಿರುತ್ತದೆ! ಇದಕ್ಕೆ ಔಷಧ ಸಬ್‌ನ ಜಾಗ, ಕುರ್ಚಿಯ ಜಾಗ, ಮೂಲೆಗೆ ಬೇಸ್ ಹೀರಿಕೊಳ್ಳುವ ದಪ್ಪ ಬೇಸ್ ಟ್ರ್ಯಾಪ್. ಒಮ್ಮೊಮ್ಮೆ ಸಬ್ ಒಂದು ಅಡಿ ಸರಿಸಿದರೂ ಸಾಕು.

ಲೆವೆಲ್ ಹೊಂದಿಸಲು ಪಿಂಕ್ ನಾಯ್ಸ್ (ಮಳೆಯಂತೆ ಸುರಿಯುವ ಪರೀಕ್ಷಾ ಶಬ್ದ) ಮತ್ತು ಸೌಂಡ್ ಮೀಟರ್ ಬೇಕು. ಮೀಟರ್ ಬೇಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಸಿ-ವೇಟಿಂಗ್‌ನಲ್ಲಿ, ಮುಳ್ಳು ನಿಧಾನಕ್ಕೆ ಆಡುವ ಸ್ಲೋನಲ್ಲಿ ಇರಲಿ. ಸುಮ್ನೆ ಫೋನ್ ಆ್ಯಪ್ ನಂಬಬೇಡಿ, ಬಹಳಷ್ಟು ಫೋನ್‌ಗಳ ಮೈಕ್ ಕೆಳಗಿನ ಶಬ್ದವನ್ನು ಕಡಿಮೆಯೇ ತೋರಿಸುತ್ತದೆ.

ಇನ್ನು ಬೈಪಾಸ್. ಸಬ್ ಇಲ್ಲದವರ ಮನೆಯಲ್ಲಿ ಹಾಡು ಹೇಗೆ ಕೇಳುತ್ತದೆ ಅಂತ ನೋಡಲು ಇದು ಬೇಕು. ಆದರೆ ನಿಮ್ಮ ಬಟನ್ ನಿಜಕ್ಕೂ ಏನು ಮಾಡುತ್ತದೆ? ಮಾನಿಟರ್‌ಗಳ ಸಿಗ್ನಲ್ ಸಬ್ ಮೂಲಕ ಹೋಗುತ್ತಿದ್ದರೆ, ಹೈಪಾಸ್ ಫಿಲ್ಟರ್ ಸಾಮಾನ್ಯವಾಗಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ತಡೆದಿರುತ್ತದೆ. ಸರಿಯಾದ ಬೈಪಾಸ್ ಸಬ್ಬನ್ನು ನಿಲ್ಲಿಸಿ ಈ ಫಿಲ್ಟರನ್ನೂ ತೆಗೆಯುತ್ತದೆ. ಬರೀ ಮ್ಯೂಟ್ ಆದರೆ ಮಾನಿಟರ್ ಹಾಗೇ ತೆಳ್ಳಗೆ ಹಾಡುತ್ತಿರುತ್ತದೆ. ಅದನ್ನು ಕೇಳಿ ಬೇಸ್ ಏರಿಸಿದರೆ ಕೆಟ್ಟಿತು.

ಪರೀಕ್ಷೆ ಸುಲಭ. 60 ಹರ್ಟ್ಸ್ ಟೋನ್ ಮೆಲ್ಲಗೆ ಹಾಕಿ, ಮಾನಿಟರ್‌ನ ಗಾಳಿ ತೂತಿನ ಮುಂದೆ ಅಂಗೈ ಹಿಡಿದು ಬಟನ್ ಒತ್ತಿ. ಗಾಳಿ ಜೋರಾಗಿ ಬಡಿದರೆ ಅದು ಬೈಪಾಸ್. ಏನೂ ಬದಲಾಗದಿದ್ದರೆ ಮ್ಯೂಟ್.

ಕೆಲವು ಸಬ್‌ಗಳಿಗೆ ರಿಮೋಟ್ ಬದಲು ಕಾಲು ಸ್ವಿಚ್ ಹಾಕುವ 6.35 ಎಂಎಂ ಜ್ಯಾಕ್ ಇರುತ್ತದೆ. ಮನೆಯಲ್ಲಿದ್ದ ಮ್ಯೂಸಿಕ್ ಕೀಬೋರ್ಡ್‌ನ ಸಸ್ಟೇನ್ ಪೆಡಲ್ ಸಿಕ್ಕಿಸಿದರೆ ಕಾಲು ಇಟ್ಟಷ್ಟು ಹೊತ್ತು ಮಾತ್ರ ಬೈಪಾಸ್, ಕೆಲವದರಲ್ಲಿ ಅದೂ ಉಲ್ಟಾ. ಹೆಚ್ಚಿನ ಸಬ್‌ಗಳಿಗೆ ಬೇಕಾದದ್ದು ಒತ್ತಿದರೆ ಹಾಗೇ ನಿಲ್ಲುವ ಸ್ವಿಚ್. ಮ್ಯಾನ್ಯುಅಲ್ ನೋಡಿಯೇ ಕೊಳ್ಳಿ. ಈ ಸ್ವಿಚ್‌ನಿಂದ ಇನ್ನೊಂದು ಲಾಭ: ಕರೆಂಟ್ ಹೋಗಿ ಬಂದರೂ ಅದು ಇದ್ದಲ್ಲೇ ಇರುತ್ತದೆ.

ವೈರ್ ಸಾಲದಿದ್ದರೆ ಕಂಪನಿ ಹೇಳಿದ ಕೇಬಲ್ಲನ್ನೇ ತನ್ನಿ. ರಿಮೋಟ್ ಸಾಕೆಟ್ ನೋಡಲು ಇಂಟರ್ನೆಟ್ ಕೇಬಲ್‌ನದರಂತೆಯೇ ಇದ್ದರೂ ರಿಮೋಟ್ ವೈರನ್ನು ರೌಟರ್‌ಗೆ ಮಾತ್ರ ಸಿಕ್ಕಿಸಬೇಡಿ.