ಮೂತ್ರಕೋಶದಲ್ಲಿ ಲಿಂಫೋಮಾ: ಚೀಲ ತೆಗೆಸಲೇಬೇಕಾ?

ಪ್ರಶ್ನೆ: ನಮ್ಮ ಅತ್ತೆಯವರಿಗೆ 64 ವರ್ಷ. ಮೂತ್ರದಲ್ಲಿ ರಕ್ತ ಹೋಗ್ತಿತ್ತು. ಮಂಗಳೂರಿನಲ್ಲಿ ಸ್ಕೋಪಿ ಮಾಡಿ ಚೂರು ತೆಗೆದರು. ರಿಪೋರ್ಟ್‌ನಲ್ಲಿ ಲಿಂಫೋಮಾ ಅಂತ ಇದೆ. ಮೂತ್ರಕೋಶ ತೆಗೆಸಬೇಕಾ?
– ಓದುಗರು, ಬದಿಯಡ್ಕ

ಸಾಮಾನ್ಯವಾಗಿ ಬೇಡ. ಮೂತ್ರಕೋಶದ ಕ್ಯಾನ್ಸರ್ ಅಂದಾಗ ನಾವು ಕೇಳಿರುವುದು ಅದರ ಒಳಪದರದಲ್ಲಿ ಹುಟ್ಟುವಂಥದ್ದು. ಬೀಡಿ, ಸಿಗರೇಟಿನ ನಂಟು ಅದಕ್ಕೆ ಜಾಸ್ತಿ. ಸ್ನಾಯುವಿಗೆ ಇಳಿದರೆ ಚೀಲ ತೆಗೆಯುವ ಮಾತು ಬರುವುದೂ ಅಲ್ಲೇ. ಲಿಂಫೋಮಾ ಬೇರೆ. ಅದು ಬಿಳಿ ರಕ್ತಕಣಗಳ ಕ್ಯಾನ್ಸರ್. ಔಷಧಿಗೂ ರೇಡಿಯೇಷನ್‌ಗೂ ಚೆನ್ನಾಗಿ ಬಗ್ಗುತ್ತದೆ.

ಇದು ಮೂತ್ರಕೋಶದಲ್ಲೇ ಶುರುವಾಗುವುದು ತೀರಾ ಅಪರೂಪ. ಅಲ್ಲಿನ 100 ಗಡ್ಡೆಗಳಲ್ಲಿ ಒಂದೂ ಇರುವುದಿಲ್ಲ. ಅರವತ್ತರ ಆಸುಪಾಸಿನ ಹೆಂಗಸರಲ್ಲೇ ಹೆಚ್ಚು. ಎಷ್ಟೋ ಜನರಿಗೆ ಮೊದಲೇ ಪದೇ ಪದೇ ಉರಿಮೂತ್ರ ಬಂದಿರುತ್ತದೆ. ಹಾಗಾಗಿ ಬೊಂಡ (ಎಳನೀರು), ಬಾರ್ಲಿ ನೀರು, ಒಂದು ಕೋರ್ಸ್ ಆ್ಯಂಟಿಬಯೋಟಿಕ್ ಅಂತ ದಿನ ಹೋಗಿಬಿಡುತ್ತದೆ. ಗಡ್ಡೆ ಬೆಳೆಯುವುದು ಒಳಪದರದ ಕೆಳಗೆ. ಮೇಲಿನ ಪದರ ನುಣುಪಾಗಿ, ಸರಿಯಾಗೇ ಇರಬಹುದು. ಮೂತ್ರದಲ್ಲಿ ಕ್ಯಾನ್ಸರ್ ಕಣ ಹುಡುಕುವ ಪರೀಕ್ಷೆಗೂ ಆಗ ಇದು ಸಿಗದೇ ಹೋಗಬಹುದು. ಚೂರು ತೆಗೆದು ನೋಡಿದ್ದೇ ಒಳ್ಳೆಯದಾಯಿತು.

ಈಗ ಡಾಕ್ಟರಲ್ಲಿ ಎರಡು ವಿಷಯ ಕೇಳಿ. ಒಂದು, ಬೇರೆಲ್ಲೂ ಇಲ್ಲ ಅಂತ ಖಚಿತವಾಗಿದೆಯಾ? ಬೇರೆ ಕಡೆಯ ಲಿಂಫೋಮಾ ಮೂತ್ರಕೋಶಕ್ಕೆ ಹರಡುವುದೂ ಇದೆ. ಅದಕ್ಕೇ ಇಡೀ ಮೈ ನೋಡುವ ಪೆಟ್ ಸ್ಕ್ಯಾನ್, ಕೆಲವೊಮ್ಮೆ ಮೂಳೆ ಮಜ್ಜೆಯ ಪರೀಕ್ಷೆ. ಇನ್ನೊಂದು, ಯಾವ ಬಗೆ? ಮಾಲ್ಟ್ ಬಗೆಯದ್ದು ನಿಧಾನಿ. ಅಲ್ಲೇ ಇದ್ದರೆ ಬರೀ ರೇಡಿಯೇಷನ್ ಸಾಕಾಗುವುದುಂಟು. ಆ್ಯಂಟಿಬಯೋಟಿಕ್‌ನಿಂದಲೇ ಕರಗಿದ ಉದಾಹರಣೆಗಳೂ ಇವೆ. ಹಾಗಂತ ಅದನ್ನೇ ನಂಬಿ ಕೂರಬೇಡಿ. ದೊಡ್ಡ ಬಿ-ಕಣದ ಬಗೆ ಬೇಗ ಬೆಳೆಯುತ್ತದೆ. ಅದಕ್ಕೆ ರಿಟುಕ್ಸಿಮ್ಯಾಬ್ ಎಂಬ ಔಷಧಿ ಸೇರಿಸಿ ಕೀಮೋ, ಹೆಚ್ಚಾಗಿ 21 ದಿನಕ್ಕೊಮ್ಮೆ.

ನಮ್ಮ ಕಾಸರಗೋಡು ಕಡೆಯವರಾದ್ದರಿಂದ ‘ಎಂಡೋಸಲ್ಫಾನ್‌ನಿಂದ ಬಂತಾ’ ಎಂಬ ಪ್ರಶ್ನೆಯೂ ಮನೆಯಲ್ಲಿ ಎದ್ದಿರಬಹುದು. ಗೇರುತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಈ ಕೀಟನಾಶಕ ಸಿಂಪಡಿಸಿದ್ದನ್ನು ಕಂಡವರಿಗೆ ಆ ಸಂಶಯ ಸಹಜ, ಅಲ್ವಾ? ಆದರೆ ಒಬ್ಬರ ಬಯಾಪ್ಸಿ ನೋಡಿ ಕಾರಣ ಹೇಳಲಾಗದು. ಚಿಕಿತ್ಸೆಯೂ ಅದರಿಂದ ಬದಲಾಗದು.

ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್‌ನಲ್ಲಿ ಇನ್ನೊಂದು ಅಭಿಪ್ರಾಯ ಕೇಳುವುದಾದರೆ ಬರೀ ರಿಪೋರ್ಟ್ ಹಿಡಿದು ಹೋಗಬೇಡಿ. ತೆಗೆದ ಚೂರನ್ನು ಕಾಪಿಟ್ಟ ಮೇಣದ ಬ್ಲಾಕ್ ಮತ್ತು ಸ್ಲೈಡ್‌ಗಳನ್ನು ಲ್ಯಾಬಿನಿಂದ ಕೇಳಿ ಪಡೆಯಿರಿ. ಅವಿದ್ದರೆ ಮತ್ತೆ ಚೂರು ತೆಗೆಯುವ ಕಷ್ಟ ಅತ್ತೆಗೆ ತಪ್ಪಬಹುದು.