ಟಿವಿ ಇರುವಾಗ ಕಂಠೀರವದ ತನಕ ಹೋಗಬೇಕಾ?

ಪ್ರಶ್ನೆ: ನಮ್ಮದು ದಾವಣಗೆರೆ. ಮಗ ಎಂಟನೇ ಕ್ಲಾಸು, ಫುಟ್‌ಬಾಲ್ ಹುಚ್ಚು ಹತ್ತಿಸಿಕೊಂಡಿದ್ದಾನೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಒಂದು ಪಂದ್ಯ ತೋರಿಸಿ ಅಂತ ಹಟ. ಟಿವಿಯಲ್ಲೇ ಎಲ್ಲ ಹತ್ತಿರದಿಂದ ಕಾಣುತ್ತದೆ, ರೀಪ್ಲೇ ಬೇರೆ ಇರುತ್ತದೆ. ಅಷ್ಟು ದೂರ ಹೋಗಿ ಜಾಸ್ತಿ ಏನು ನೋಡುವುದಿದೆ? ಹೋದರೆ ಅದೇ ರಾತ್ರಿ ಊರಿಗೆ ಹೊರಡಬಹುದಾ?

ಉತ್ತರ: ಹೋಗಿ ಬನ್ನಿ. ರಾತ್ರಿಯೇ ಹೊರಡಲೂಬಹುದು.

ಈ ಪ್ರಶ್ನೆಯನ್ನು ನಮ್ಮ ಊರಿನವರು ಆಗಾಗ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ ಬಿಡಿ. ದಾವಣಗೆರೆ ಕ್ರಿಕೆಟ್ ಊರು. ವಿನಯ್ ಕುಮಾರ್ 'ದಾವಣಗೆರೆ ಎಕ್ಸ್‌ಪ್ರೆಸ್' ಆಗಿ ದೇಶಕ್ಕೆಲ್ಲ ಗೊತ್ತಾದ ಮೇಲಂತೂ ಮೈದಾನದಲ್ಲಿ ಬ್ಯಾಟು ಹಿಡಿದವರ ಮಧ್ಯೆ ಚೆಂಡು ಒದೆಯಲು ಜಾಗ ಹುಡುಕಬೇಕು. ನಮ್ಮ ಮಕ್ಕಳ ಫುಟ್‌ಬಾಲ್ ಎಲ್ಲ ಮೊಬೈಲು, ಟಿವಿಯಲ್ಲೇ. ನಡುರಾತ್ರಿ ಎದ್ದು ಇಂಗ್ಲೆಂಡ್, ಸ್ಪೇನ್ ಕ್ಲಬ್‌ಗಳ ಆಟ ನೋಡುವ ಹುಡುಗರು ಇಲ್ಲಿ ಬೇಕಾದಷ್ಟು ಸಿಗುತ್ತಾರೆ. ಒಂದು ದೊಡ್ಡ ಪಂದ್ಯವನ್ನು ಕಣ್ಣಾರೆ ನೋಡಿದವರು ಕಡಿಮೆ.

ಟಿವಿಯ ವಿಷಯದಲ್ಲಿ ನಿಮ್ಮ ಮಾತು ಅರ್ಧ ಸರಿ. ಹತ್ತಿರದಿಂದ ಕಾಣುತ್ತದೆ, ನಿಜ. ಆದರೆ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಮೈದಾನದ ಮೇಲೆ 22 ಜನ ಇರುತ್ತಾರೆ, ಚೆಂಡು ಇರುವುದು ಒಬ್ಬನ ಕಾಲಲ್ಲಿ. ಉಳಿದ 21 ಜನ ಆ ಹೊತ್ತಿಗೆ ಏನು ಮಾಡುತ್ತಿದ್ದಾರೆ ಎನ್ನುವುದರಲ್ಲೇ ಫುಟ್‌ಬಾಲಿನ ಮುಕ್ಕಾಲು ಪಾಲು ಇದೆ. ಅದು ಪೂರ್ತಿ ಕಾಣುವುದು ಕ್ರೀಡಾಂಗಣದಲ್ಲಿ ಮಾತ್ರ.

ಒಂದು ಉದಾಹರಣೆ ನೋಡಿ. ಒಂದು ತಂಡದ ನಾಲ್ವರು ಡಿಫೆಂಡರ್‌ಗಳು ಸಾಲಾಗಿ ನಿಂತಿರುತ್ತಾರೆ. ಚೆಂಡು ಮುಂದೆ ಹೋದರೆ ಸಾಲೂ ಮುಂದೆ, ಹಿಂದೆ ಬಂದರೆ ಸಾಲೂ ಹಿಂದೆ. ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿದವರು ಒಬ್ಬರ ಹೆಜ್ಜೆ ನೋಡಿ ಇನ್ನೊಬ್ಬರು ಹೆಜ್ಜೆ ಹಾಕುತ್ತಾರಲ್ಲ, ಹಾಗೆ. ಒಬ್ಬ ಎರಡು ಹೆಜ್ಜೆ ಹಿಂದೆ ಉಳಿದನೋ, ಎದುರಾಳಿಗೆ ಆಫ್‌ಸೈಡ್ (ಚೆಂಡು ಕೊಡುವ ಹೊತ್ತಿಗೆ ಆ ಸಾಲು ದಾಟಿ ಮುಂದೆ ನಿಂತಿರುವ ತಪ್ಪು) ಭಯ ಹೋಯಿತು, ದಾರಿ ತೆರೆಯಿತು. ಟಿವಿಯಲ್ಲಿ ನಿಮಗೆ ಗೋಲು ಕಾಣುತ್ತದೆ. ಮೇಲಿನ ಸಾಲಲ್ಲಿ ಕೂತವರಿಗೆ ಆ ಗೋಲು ಬರುವುದು ಮೊದಲೇ ಕಾಣುತ್ತದೆ. ಸುತ್ತ ಕೂತವರು ಚೆಂಡು ಇನ್ನೂ ನಡುಮೈದಾನದಲ್ಲಿ ಇರುವಾಗಲೇ ಎದ್ದು ನಿಂತರೆ ಅದಕ್ಕೆ ಕಾರಣ ಇದೇ.

ಆಫ್‌ಸೈಡ್ ನಿಯಮ ಮಗನಿಗೆ ಇನ್ನೂ ಗೊಂದಲ ಅನ್ನಿಸಿದರೆ, ಗೆರೆಯ ಆಚೆ ಬಾವುಟ ಹಿಡಿದು ಓಡುವ ಲೈನ್ಸ್‌ಮನ್‌ನನ್ನು ಒಂದು ಹತ್ತು ನಿಮಿಷ ನೋಡಲು ಹೇಳಿ. ಅವನು ಚೆಂಡಿನ ಜೊತೆ ಓಡುವುದಿಲ್ಲ. ಗೋಲ್‌ಕೀಪರ್ ಬಿಟ್ಟರೆ ಕೊನೆಯಲ್ಲಿ ಯಾವ ಡಿಫೆಂಡರ್ ಇದ್ದಾನೋ ಅವನ ಸರಿಸಮಕ್ಕೆ ಓಡುತ್ತಾನೆ. ಪುಸ್ತಕ ಓದಿ ಅರ್ಥವಾಗದ ನಿಯಮ ಅಲ್ಲೇ ಅರ್ಥವಾಗುತ್ತದೆ.

ಇನ್ನೊಂದು ಕೆಲಸ ಮಾಡಿ. ಒಬ್ಬ ಆಟಗಾರನನ್ನು ಆರಿಸಿಕೊಂಡು ಐದು ನಿಮಿಷ ಅವನನ್ನೇ ನೋಡಿ, ಚೆಂಡು ಎಲ್ಲಾದರೂ ಇರಲಿ. ಕಂಠೀರವದಲ್ಲಿ ಆಡುವ ಕ್ಲಬ್ಬು ಬೆಂಗಳೂರು ಎಫ್‌ಸಿ. ಅದರ ಗೋಲು ಹೊಡೆಯುವ ಆಟಗಾರ ಸುನಿಲ್ ಛೇತ್ರಿ, ದೇಶದ ದೊಡ್ಡ ಕ್ಲಬ್ ಲೀಗ್ ಆದ ಐಎಸ್‌ಎಲ್‌ನ 2024-25ರ ಆವೃತ್ತಿಯಲ್ಲಿ, 40 ವರ್ಷ ತುಂಬಿದ ಮೇಲೆ, 14 ಗೋಲು ಹೊಡೆದರು. ಆ ವಯಸ್ಸಿನಲ್ಲಿ ಇಪ್ಪತ್ತರ ಹುಡುಗರನ್ನು ಓಟದಲ್ಲಿ ಸೋಲಿಸಲು ಆಗುವುದಿಲ್ಲ. ಡಿಫೆಂಡರ್ ಚೆಂಡಿನ ಕಡೆ ಕತ್ತು ತಿರುಗಿಸಿದ ಕ್ಷಣ ಅವನ ಬೆನ್ನ ಹಿಂದೆ ಜಾರುವುದು, ನಿಂತೇ ಇದ್ದಂತೆ ಕಂಡು ಸರಿಯಾದ ಹೊತ್ತಿಗೆ ಎರಡು ಗಜ ಸರಿಯುವುದು, ಅವರ ಆಟ ಇರುವುದೇ ಇಂಥದರಲ್ಲಿ. ಕ್ಯಾಮೆರಾ ಇದನ್ನು ಹಿಡಿಯುವುದು ಅಪರೂಪ.

ಅಲ್ಲಿ ಸಿಗದಿರುವುದನ್ನೂ ಹೇಳಿಬಿಡುತ್ತೇನೆ. ಕಾಮೆಂಟರಿ ಇಲ್ಲ. ಪ್ರತಿಯೊಂದಕ್ಕೂ ರೀಪ್ಲೇ ಇಲ್ಲ. ಆಚೆ ಗೋಲಿನ ಮುಂದೆ ಗುಂಪಿನಲ್ಲಿ ಗೋಲು ಬಿದ್ದರೆ ಯಾರು ಹೊಡೆದರು ಎಂದು ಪಕ್ಕದವರನ್ನು ಕೇಳಬೇಕು, ಅವರಿಗೂ ಗೊತ್ತಿರುವುದಿಲ್ಲ. ಮೊಬೈಲಿಗೆ ಕಣ್ಣು ಹಾಕಿದರಂತೂ ಮುಗಿಯಿತು. 2023ರ ಮಾರ್ಚ್ 3ರಂದು ಇದೇ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ, ಕೇರಳ ಬ್ಲಾಸ್ಟರ್ಸ್ ನಡುವೆ ನಾಕೌಟ್ ಪಂದ್ಯ, ಅಂದರೆ ಸೋತವರು ಟೂರ್ನಿಯಿಂದಲೇ ಹೊರಗೆ. ಹೆಚ್ಚುವರಿ ಸಮಯ ನಡೆಯುತ್ತಿತ್ತು, ಒಂದೂ ಗೋಲಿಲ್ಲ. ಬೆಂಗಳೂರಿಗೆ ಫ್ರೀಕಿಕ್ ಸಿಕ್ಕಿತು. ಕೇರಳದವರು ಇನ್ನೂ ಗೋಡೆ ಕಟ್ಟಿ ನಿಲ್ಲುವ ಗಡಿಬಿಡಿಯಲ್ಲಿದ್ದರು. ಛೇತ್ರಿ ಕಾಯದೆ ಒದ್ದೇಬಿಟ್ಟರು, ಚೆಂಡು ಬಲೆಯಲ್ಲಿ. ರೆಫರಿ ಗೋಲು ಕೊಟ್ಟರು. ಕೇರಳ ತಂಡ ಸಿಟ್ಟಿನಿಂದ ಮೈದಾನ ಬಿಟ್ಟು ಹೊರಟೇಹೋಯಿತು, ಬೆಂಗಳೂರು ಗೆದ್ದಿತು ಎಂದು ಘೋಷಣೆಯಾಯಿತು. ಆ ಗೋಲು ಸರಿಯಾ ತಪ್ಪಾ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ನನ್ನ ಕೇಳಿದರೆ, ಆಟ ನಿಂತಿದೆ ಎಂದು ಮೈಮರೆತವರದೇ ತಪ್ಪು.

ಅದರ ಮರುದಿನ, ಮಾರ್ಚ್ 4ರಂದು, ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಫುಟ್‌ಬಾಲ್ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷಗಳ ನಂತರದ ಗೆಲುವು ಅದು. ಹಿಂದಿನ ಸಲ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು ಎಂದಿತ್ತು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇದರ ಮಾತಾಯಿತೋ!

ಈಗ ಎಲ್ಲಿ ಕೂರಬೇಕು ಎನ್ನುವ ವಿಚಾರ. ಬಹಳ ಜನ ಟಿಕೆಟ್ ರೇಟು ಮಾತ್ರ ನೋಡಿ ಜಾಗ ಆರಿಸುತ್ತಾರೆ. ಕಂಠೀರವದಲ್ಲಿ ಹಾಗೆ ಮಾಡಬಾರದು. ಸಂಪಂಗಿ ಕೆರೆಯ ಅಂಗಳದಲ್ಲಿ ಎದ್ದು, 1997ರ ರಾಷ್ಟ್ರೀಯ ಕ್ರೀಡಾಕೂಟ ನಡೆದ ಜಾಗ ಅದು. ಫುಟ್‌ಬಾಲಿಗಾಗಿಯೇ ಕಟ್ಟಿದ್ದಲ್ಲ. ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ. 400 ಮೀಟರ್ ಟ್ರ್ಯಾಕಿನ ಒಂದೊಂದು ಲೇನು 1.22 ಮೀಟರ್ ಅಗಲ, ಎಂಟು ಲೇನು ಸೇರಿದರೆ ಹತ್ತು ಮೀಟರ್ ಹತ್ತಿರ. ಉದ್ದಗೆರೆಯ ಪಕ್ಕದ ಸ್ಟ್ಯಾಂಡಿನಲ್ಲಿ ಕೂತರೆ ಆಟ ಹನ್ನೆರಡು ಮೀಟರ್ ಆಚೆಯಿಂದ ಶುರು, ಅಷ್ಟೇ. ಗೋಲಿನ ಹಿಂದೆ ಕೂತರೆ ಲೆಕ್ಕ ಬೇರೆ. ಅಲ್ಲಿ ಟ್ರ್ಯಾಕ್ ಅರ್ಧಚಂದ್ರದ ಹಾಗೆ ತಿರುಗುವುದರಿಂದ ನಡುವೆ ದೊಡ್ಡ ಖಾಲಿ ಜಾಗ ಬಿಡುತ್ತದೆ. 105 ಮೀಟರ್ ಉದ್ದದ ಅಂಕಣ ಇಟ್ಟುಕೊಂಡು ಲೆಕ್ಕ ಹಾಕಿದರೆ ಗೋಲು ಕಂಬ ನಿಮ್ಮಿಂದ 35 ಮೀಟರ್ ಆಸುಪಾಸು ದೂರ. ಆಚೆ ಕಡೆಯ ಗೋಲಂತೂ ಬರೀ ಊಹೆ.

ಹಾಗಾಗಿ ಉದ್ದಗೆರೆಯ ಪಕ್ಕ, ಸಿಕ್ಕಷ್ಟು ಮೇಲಿನ ಸಾಲು. ಮುಂದಿನ ಸಾಲು ಆಟಗಾರರ ಮುಖ ಕಾಣುತ್ತದೆ ಎಂದು ಆಸೆ ಹುಟ್ಟಿಸುತ್ತದೆ. ಆದರೆ ಕೆಳಗಿಂದ ನೋಡಿದರೆ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದಂತೆ ಕಾಣುತ್ತಾರೆ, ಮಧ್ಯದ ಜಾಗವೇ ತಿಳಿಯುವುದಿಲ್ಲ. ಸಂಜೆ ಐದು ಗಂಟೆಯ ಪಂದ್ಯವಾದರೆ ಪಶ್ಚಿಮದ ಸ್ಟ್ಯಾಂಡ್ ಒಳ್ಳೆಯದು, ಇಳಿಬಿಸಿಲು ಬೆನ್ನಿಗಿರುತ್ತದೆ. ಏಳೂವರೆ ಪಂದ್ಯಕ್ಕೆ ಆ ಚಿಂತೆ ಇಲ್ಲ.

ಪಶ್ಚಿಮದಲ್ಲೇ 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬ ಅಭಿಮಾನಿಗಳ ಬಳಗವೂ ಸೇರುತ್ತದೆ. ಡೋಲು, ಬಾವುಟ, ಹಾಡು. 90 ನಿಮಿಷವೂ ನಿಂತೇ ಇರುತ್ತಾರೆ, ಗಂಟಲು ಹರಿಯುವ ತನಕ ಕೂಗುತ್ತಾರೆ. ಎಂಟನೇ ಕ್ಲಾಸಿನ ಹುಡುಗನಿಗೆ ಅದೇ ಸ್ವರ್ಗ ಅನ್ನಿಸಬಹುದು, ನಿಮಗೆ ಮೊಣಕಾಲು ನೋವು. ಮೊದಲ ಸಲಕ್ಕೆ ಅವರ ಮಧ್ಯೆ ಬೇಡ, ಸದ್ದು ಚೆನ್ನಾಗಿ ಕೇಳುವಷ್ಟು ಪಕ್ಕದಲ್ಲಿರಿ ಸಾಕು. ಅಂದಹಾಗೆ, ಮಗನಿಗೆ ಎದುರು ತಂಡದ ಬಣ್ಣದ ಜೆರ್ಸಿ ಹಾಕಿಸಬೇಡಿ. ಯಾರೂ ಹೊಡೆಯುವುದಿಲ್ಲ, ಆದರೆ ಎರಡು ಗಂಟೆ ಕಿಚಾಯಿಸಿಕೊಳ್ಳುವುದು ಯಾಕೆ?

ಜನಜಂಗುಳಿಯ ಭಯವೂ ಇರುತ್ತದೆ, ಅಲ್ವಾ? 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತ ಮೇಲೆ ಮನೆಯಲ್ಲಿ ಹೆಂಗಸರು, ಹಿರಿಯರು ಬೇಡ ಅನ್ನುವುದು ಸಹಜ. ಅದು ಕ್ರಿಕೆಟ್ ವಿಜಯೋತ್ಸವ, ಒಳಗೆ ಹಿಡಿಯುವುದಕ್ಕಿಂತ ಎಷ್ಟೋ ಪಟ್ಟು ಜನ ಗೇಟಿನ ಮುಂದೆ ಸೇರಿದ್ದರು. ಕಂಠೀರವದಲ್ಲಿ ಸುಮಾರು 25 ಸಾವಿರ ಜನಕ್ಕೆ ಜಾಗವಿದೆ, ಸಾಮಾನ್ಯ ಲೀಗ್ ಪಂದ್ಯಕ್ಕೆ ಅದು ಪೂರ್ತಿ ತುಂಬುವುದು ಅಪರೂಪ. ಕೇರಳ ಬ್ಲಾಸ್ಟರ್ಸ್ ಬಂದ ದಿನದ ಮಾತು ಬೇರೆ. ಮಗನ ಜೊತೆ ಮೊದಲ ಸಲ ಹೋಗುವವರು ಆ ಪಂದ್ಯ ಬಿಟ್ಟು ಬೇರೆ ಆರಿಸಿಕೊಳ್ಳಿ. ಆಟ ಶುರುವಾಗುವ ಒಂದು ಗಂಟೆ ಮೊದಲೇ ಒಳಗೆ ಹೋಗಿ. ಟಿಕೆಟ್ ಮೇಲೆ ಬರೆದ ಗೇಟಿಗೇ ಹೋಗಿ. ತಪ್ಪಿಸಿಕೊಂಡರೆ ಎಲ್ಲಿ ನಿಲ್ಲಬೇಕು ಎಂದು ಹುಡುಗನಿಗೆ ಒಳಗೆ ಹೋಗುವ ಮೊದಲೇ ಜಾಗ ತೋರಿಸಿಡಿ, ಯಾಕೆಂದರೆ ಜನ ಜಾಸ್ತಿ ಇದ್ದಾಗ ಮೊಬೈಲ್ ನೆಟ್‌ವರ್ಕ್ ಕೈಕೊಡುತ್ತದೆ. ಆಟ ಮುಗಿದ ಕೂಡಲೇ ಎದ್ದು ಓಡಬೇಡಿ. ಆಟಗಾರರು ಸಾಮಾನ್ಯವಾಗಿ ಅಭಿಮಾನಿಗಳ ಕಡೆ ಬಂದು ಚಪ್ಪಾಳೆ ತಟ್ಟಿ ಹೋಗುತ್ತಾರೆ, ಅದನ್ನು ನೋಡುವಷ್ಟರಲ್ಲಿ ಗೇಟು ಖಾಲಿಯಾಗಿರುತ್ತದೆ.

ಬೇಗ ಹೋದರೆ ಇನ್ನೊಂದು ಲಾಭ. ಆಟಕ್ಕೆ ಮುಂಚೆ ಆಟಗಾರರು ಮೈ ಬಿಸಿ ಮಾಡಿಕೊಳ್ಳಲು ಬರುತ್ತಾರೆ, ಸಾಮಾನ್ಯವಾಗಿ ಗೋಲ್‌ಕೀಪರ್‌ಗಳು ಎಲ್ಲರಿಗಿಂತ ಮೊದಲು. ಅವರಿಗೆ ಒಂದರ ಹಿಂದೊಂದು ಚೆಂಡು ಒದೆಯುತ್ತಾರೆ. ಆ ಚೆಂಡಿನ ವೇಗ, ಕೈಗವಸಿಗೆ ಬಡಿದ ಸದ್ದು ಟಿವಿಯಲ್ಲಿ ತಿಳಿಯುವಂಥದ್ದಲ್ಲ. ಹುಡುಗ ಗೋಲ್‌ಕೀಪರ್ ಆಗಬೇಕೆಂದುಕೊಂಡಿದ್ದರೆ ಅಲ್ಲೇ ಮನಸ್ಸು ಬದಲಾಗಬಹುದು, ಅಥವಾ ಗಟ್ಟಿಯಾಗಬಹುದು.

ಗೇಟಿನಲ್ಲಿ ನೀರಿನ ಬಾಟಲಿ, ಪವರ್ ಬ್ಯಾಂಕ್, ಲೈಟರ್, ಹೆಲ್ಮೆಟ್, ದೊಡ್ಡ ಬ್ಯಾಗು ಸಾಮಾನ್ಯವಾಗಿ ಬಿಡುವುದಿಲ್ಲ. ದೂರದ ಊರಿಂದ ಬರುವ ನಮಗೆ ಬ್ಯಾಗೇ ತಲೆನೋವು. ಮೆಜೆಸ್ಟಿಕ್ ಹತ್ತಿರ ಲಗೇಜು ಇಟ್ಟು ಹೋಗಿ, ಇಲ್ಲವಾದರೆ ಜೇಬಿನಲ್ಲಿ ಹಿಡಿಯುವಷ್ಟೇ ತನ್ನಿ. ಊಟ ಹೊರಗೇ ಮುಗಿಸಿ, ಒಳಗೆ ಸಿಗುವುದು ಕಡಿಮೆ, ರೇಟು ಜಾಸ್ತಿ. ದಾರಿಯಲ್ಲಿ 'ದಾವಣಗೆರೆ ಬೆಣ್ಣೆ ದೋಸೆ' ಬೋರ್ಡು ಹೆಜ್ಜೆಗೊಂದು ಕಾಣುತ್ತದೆ. ಅದನ್ನು ತಿಂದು ಮುಖ ಕಿವಿಚುವ ಕೆಲಸ ನಮ್ಮೂರಿನವರಿಗೆ ಬೇಡ, ಬೇರೆ ಏನಾದರೂ ತಿನ್ನಿ. ಮಳೆಗಾಲವಾದರೆ ರೇನ್‌ಕೋಟು ಇರಲಿ, ಸ್ಟ್ಯಾಂಡಿನ ಎಲ್ಲ ಕಡೆ ಚಾವಣಿ ಇಲ್ಲ. 2023ರ ಜೂನ್‌ನಲ್ಲಿ ಭಾರತ ಪಾಕಿಸ್ತಾನವನ್ನು 4-0ರಿಂದ ಸೋಲಿಸಿದ ಸ್ಯಾಫ್ (ದಕ್ಷಿಣ ಏಷ್ಯಾ ದೇಶಗಳ ಟೂರ್ನಿ) ಪಂದ್ಯ ಇಲ್ಲೇ ಸುರಿಯುವ ಮಳೆಯಲ್ಲಿ ನಡೆಯಿತು.

ಹೋಗುವ ದಾರಿ ಸುಲಭ. ಹೆದ್ದಾರಿಯಲ್ಲಿ ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ ಸುಮಾರು 260 ಕಿಲೋಮೀಟರ್. ಬಸ್ಸಿಗೆ ಐದು ಗಂಟೆ ಇಟ್ಟುಕೊಳ್ಳಿ, ಬೆಂಗಳೂರಿನ ಟ್ರಾಫಿಕ್‌ಗೆ ಇನ್ನೊಂದು ಗಂಟೆ ಬೇರೆ. ರೈಲಾದರೆ 2025ರ ಆಗಸ್ಟ್‌ನಲ್ಲಿ ಶುರುವಾದ ಬೆಳಗಾವಿ-ಬೆಂಗಳೂರು ವಂದೇ ಭಾರತ್ ಅನುಕೂಲ. ಬೆಳಿಗ್ಗೆ ದಾವಣಗೆರೆಯಲ್ಲಿ ಹತ್ತಿದರೆ ಮಧ್ಯಾಹ್ನ ಬೆಂಗಳೂರು. ಧಾರವಾಡದಿಂದ ಮಧ್ಯಾಹ್ನ ಹೊರಡುವ ಇನ್ನೊಂದು ವಂದೇ ಭಾರತ್ ಇದೆ, ಹೆಸರು ಒಂದೇ ಎಂದು ಅದನ್ನು ಬುಕ್ ಮಾಡಿದರೆ ಕೆಟ್ಟಿರಿ. ಅದು ಬೆಂಗಳೂರು ಮುಟ್ಟುವ ಹೊತ್ತಿಗೆ ಆಟ ಶುರುವಾಗುವ ಹೊತ್ತು. ಮೆಜೆಸ್ಟಿಕ್‌ನಿಂದ ನೇರಳೆ ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ಕಸ್ತೂರ್ಬಾ ರಸ್ತೆಯಲ್ಲಿ ನಡೆದು ಹೋಗಿ. ಆಟೊ ಹಿಡಿದರೆ ಪಂದ್ಯದ ದಿನ ಅದೂ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ವಾಪಸ್ ಬರುವ ಲೆಕ್ಕ ಹೀಗೆ. ಏಳೂವರೆಗೆ ಶುರುವಾದರೆ 45ರ ಎರಡು ಭಾಗ, ನಡುವೆ 15 ನಿಮಿಷ ವಿರಾಮ, ಗಾಯ-ಗೀಯ ಎಂದು ಸೇರಿಸುವ ನಿಮಿಷ, ಎಲ್ಲ ಸೇರಿ ಒಂಬತ್ತೂವರೆ ಒಳಗೆ ಮುಗಿಯುತ್ತದೆ. ಹತ್ತೂವರೆಗೆ ಆರಾಮಾಗಿ ಮೆಜೆಸ್ಟಿಕ್ ಸೇರಬಹುದು. ಹನ್ನೊಂದರ ನಂತರದ ರಾತ್ರಿ ಬಸ್ಸು ಬುಕ್ ಮಾಡಿ, ಬೆಳಗಾಗುವ ಮೊದಲೇ ದಾವಣಗೆರೆ. ನಾಕೌಟ್ ಪಂದ್ಯವಾದರೆ ಮಾತ್ರ ಹೆಚ್ಚುವರಿ 30 ನಿಮಿಷ, ಪೆನಾಲ್ಟಿ ಎಂದು ಇನ್ನೂ ಒಂದು ಗಂಟೆ ಹಿಡಿಯಬಹುದು. ಅಂಥ ಪಂದ್ಯಕ್ಕೆ ಹೋದರೆ ರಾತ್ರಿ ಉಳಿಯುವುದೇ ವಾಸಿ.

ಐಎಸ್‌ಎಲ್ ಇಲ್ಲದ ತಿಂಗಳಲ್ಲಿ ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋದರೆ ಮ್ಯಾಗ್ರತ್ ರಸ್ತೆಯ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣ ನೋಡಿ. ಬೆಂಗಳೂರು ಎಫ್‌ಸಿ 2013ರಲ್ಲಿ ಶುರುವಾದಾಗ ಆಡಿದ್ದು ಅಲ್ಲೇ, ಮೊದಲ ವರ್ಷವೇ ಆಗಿನ ದೇಶದ ಮುಖ್ಯ ಲೀಗ್ ಐ-ಲೀಗ್ ಗೆದ್ದಿದ್ದೂ ಅಲ್ಲಿದ್ದಾಗಲೇ. ಈಗ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಸೂಪರ್ ಡಿವಿಷನ್ ಪಂದ್ಯಗಳು ನಡೆಯುತ್ತವೆ. ಓಟದ ಟ್ರ್ಯಾಕ್ ಇಲ್ಲ. ಡಿಫೆಂಡರ್ ಗೋಲ್‌ಕೀಪರ್‌ಗೆ ಬೈಯುವುದೂ ಕೇಳುತ್ತದೆ. ಆಟ ಕಲಿಯುವ ಹುಡುಗನಿಗೆ ಕಂಠೀರವಕ್ಕಿಂತ ಇದೇ ಮೇಲು ಎಂದು ನನಗನ್ನಿಸುತ್ತದೆ, ಆದರೆ ನಿಮ್ಮ ಮಗ ಒಪ್ಪುವುದಿಲ್ಲ. ಅವನಿಗೆ ಬೇಕಾಗಿರುವುದು ಛೇತ್ರಿಯ ಕ್ಲಬ್ಬು, ಆ ಗದ್ದಲ.

ಕೊನೆಗೆ ಬುಕ್ಕಿಂಗ್ ವಿಷಯ. ಪಂದ್ಯದ ತಾರೀಖು, ಹೊತ್ತು ಎರಡೂ ಬದಲಾಗುವುದುಂಟು. ಕ್ಲಬ್ಬಿನ ಅಧಿಕೃತ ಪುಟದಲ್ಲಿ ತಾರೀಖು ನೋಡಿ, ಅವರು ಹೇಳಿದ ಆಪ್‌ನಲ್ಲೇ ಟಿಕೆಟ್ ತಗೊಳ್ಳಿ. ಗೇಟಿನ ಮುಂದೆ ಮಾರುವವರ ಹತ್ತಿರ ಬೇಡ. ಪಂದ್ಯದ ಟಿಕೆಟ್ ಕೈಗೆ ಬಂದ ಮೇಲೆ ಬಸ್ಸು, ರೈಲು ಬುಕ್ ಮಾಡಿ. ಉಲ್ಟಾ ಮಾಡಬೇಡಿ. ಹುಡುಗನಿಗೂ ಬೇರೆ ಟಿಕೆಟ್ ಬೇಕಾ ಎಂದು ಆಗಲೇ ನೋಡಿಕೊಳ್ಳಿ.